ಹದಿನೆಂಟು ನಿಮಿಷದ ಖಾಲಿ ಜಾಗ

ಒಳಗಿನಮ್ಮನಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ನಾಟಕ ಕಂಪನಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆಕೆ ಕೂಗಾಡುತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೊಣಕಾಲು ನೋವಿರಬೇಕು ಎಂದುಕೊಂಡು ತಮ್ಮ ಪಾಡಿಗೆ ತಾವು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಪಿಸುಮಾತಿಗೆ ಇಳಿದಳೆಂದರೆ ಮಾತ್ರ, ತಲೆ ಬಾಚುತ್ತಿದ್ದವನು ಅರ್ಧಕ್ಕೇ ಬಾಚಣಿಗೆ ಕೆಳಗಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಆ ಧ್ವನಿ ಪಾತಾಳಕ್ಕೆ ಇಳಿದದ್ದು ಒಂದೇ ಒಂದು ಸಲ, ಒಂದು ಭಾನುವಾರದ ಮಧ್ಯಾಹ್ನ. ಅಷ್ಟು ಸಿಟ್ಟು ಬರಿಸಿದ್ದು ಆಕೆಯದೇ ಧ್ವನಿ.

ಒಳಗಿನಮ್ಮ ಎಂಬ ಹೆಸರು ಬಂದದ್ದು ನಾಟಕದಿಂದ. ಇಡೀ ಕಂಪನಿಯ ಹೊಟ್ಟೆ ಹೊರೆಯುತ್ತಿದ್ದ ನಗೆನಾಟಕ ಅದು. ಹೆಂಡತಿಯ ಮನೆಯಲ್ಲೇ ಠಿಕಾಣಿ ಹೂಡಿದ ಒಬ್ಬ ಅಳಿಯ. ಒಳಕೋಣೆಯಲ್ಲಿ ಹಾಸಿಗೆ ಹಿಡಿದು, ಮಲಗಿದಲ್ಲಿಂದಲೇ ಮನೆಯನ್ನು ಕುಣಿಸುವ ಅತ್ತೆ. ಈ ಅತ್ತೆ ಮೂರು ಗಂಟೆಯ ಆಟದಲ್ಲಿ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ರಂಗದ ಮೇಲೆ ಅರೆತೆರೆದ ಒಂದು ಬಾಗಿಲು, ಅದರಾಚೆಯಿಂದ ಬರುವ ಒಂದು ಧ್ವನಿ. ಹತ್ತೊಂಬತ್ತು ವರ್ಷ ಆ ಧ್ವನಿ ಆಕೆಯದು. ಬರೆದವನು ಅತ್ತೆಗೆ ಕೊಟ್ಟದ್ದು ಏಳೇ ಮಾತು. ಬಾಡಿಗೆಗೆ ಒಂದು ಕೋಣೆ ಹಿಡಿದವರು ಮೊದಲು ಜಗಲಿಗೆ, ಆಮೇಲೆ ಅಂಗಳಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಹಾಗೆ, ಆಕೆ ವರ್ಷಕ್ಕೆ ಒಂದೆರಡು ಮಾತು ಸೇರಿಸುತ್ತ ಏಳನ್ನು ನಲವತ್ತಕ್ಕೆ ತಂದಿದ್ದಳು. ಜನ ನಕ್ಕಿದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಆಕೆ ಹುಟ್ಟಾ ನಟಿಯೇನಲ್ಲ. ತಾಯಿ ಕಂಪನಿಯ ಬಟ್ಟೆ ಒಗೆಯುತ್ತಿದ್ದಳು. ಹದಿನೇಳರ ವಯಸ್ಸಿನಲ್ಲಿ, ಒಗೆದ ಬಟ್ಟೆಯ ಗಂಟು ಹೊತ್ತು ಬಂದವಳನ್ನು ಯಜಮಾನರು ತಡೆದು ನಿಲ್ಲಿಸಿದರು. ದಾಸಿಯ ಪಾತ್ರದವಳು ಹೇಳದೆ ಕೇಳದೆ ಕೈಕೊಟ್ಟಿದ್ದಳು. "ಆ ಗಂಟಲ್ಲಿ ಹಸಿರು ಸೀರೆ ಇದೆಯಲ್ಲ, ಉಟ್ಕೊಂಡು ಬಾ. ತಟ್ಟೆ ಹಿಡ್ಕೊಂಡು ನಿಂತ್ರೆ ಸಾಕು." ತಾನೇ ಒಗೆದ ಸೀರೆ ಉಟ್ಟು ನಿಂತಳು. ಅಲ್ಲಿಂದ ದಾಸಿ, ಸಖಿ, ಕಿರಿಯ ರಾಣಿ, ಹಿರಿಯ ರಾಣಿ ಎಂದು ಇಪ್ಪತ್ತು ವರ್ಷ ಒಂದೊಂದೇ ಮೆಟ್ಟಿಲು ಹತ್ತಿದಳು. ನಡುವೆ ಸಿನಿಮಾದವರೂ ಒಮ್ಮೆ ಕರೆದಿದ್ದರು. ಮಗ ಸತ್ತ ಸುದ್ದಿ ಕೇಳಿ ಅಳಬೇಕಿತ್ತು. ಎದುರಿಗೆ ಮಗನೂ ಇಲ್ಲ, ಸುದ್ದಿ ತಂದವನೂ ಇಲ್ಲ, ನೋಟ ನಿಲ್ಲಿಸಲು ಕ್ಯಾಮೆರಾ ಪಕ್ಕ ನೆಟ್ಟ, ತುದಿಗೆ ಕೆಂಪು ಬಟ್ಟೆ ಕಟ್ಟಿದ ಒಂದು ಕೋಲು. ಆ ಕೋಲು ನೋಡಿಕೊಂಡು ಏಳು ಸಲ ಅತ್ತು, ಅದೇ ದಿನದ ಬಸ್ಸಿಗೆ ವಾಪಸಾದಳು. "ಮತ್ತೆ ಯಾಕೆ ಹೋಗ್ಲಿಲ್ಲ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಕೋಲು ನಗಲ್ಲ ಕಣಪ್ಪ, ಅಳೋದೂ ಇಲ್ಲ. ಅದರ ಜೊತೆ ಏನು ಸಂಸಾರ?"

ಮೆಟ್ಟಿಲಿನಿಂದಲೇ ಬಿದ್ದಳು, ಅದೂ ನಿಜವಾದ ಮೆಟ್ಟಿಲಿನಿಂದ. ರಂಗದ ಮೇಲಿನ ಅರಮನೆಯ ಐದನೇ ಮೆಟ್ಟಿಲಿಗೆ ಒಂದು ಮೊಳೆ ಕಡಿಮೆ ಬಿದ್ದಿತ್ತು. ಹಿರಿಯ ರಾಣಿ ಕಿರೀಟ ಸಮೇತ ಕೆಳಗೆ ಬಂದಳು. ಬಲಮೊಣಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ಆ ಮೆಟ್ಟಿಲು ಮಾಡಿದ ಕಂಪನಿಯ ಬಡಗಿ ಬೇರೆ ಯಾರೂ ಅಲ್ಲ, ಆಕೆಯ ಗಂಡನೇ. ಪಾಪ, ಆ ಮನುಷ್ಯ ಆಮೇಲೆ ಸಾಯುವ ತನಕ ಮನೆಯಲ್ಲಿ ಒಂದು ಮಾತಿಗೂ ಎದುರಾಡಲಿಲ್ಲ. ಕುಂಟುವ ರಾಣಿ ಯಾರಿಗೂ ಬೇಡವಾಗಿ, ಕಾಣದ ಅತ್ತೆಯ ಪಾತ್ರ ಆಕೆಯ ಪಾಲಿಗೆ ಬಂದಾಗ ಅವನು ಒಂದು ಸ್ಟೂಲು ಮಾಡಿಕೊಟ್ಟ. ಕಾಲು ಚಾಚಿ ಕೂರಲು ಮುಂದಕ್ಕೊಂದು ಹಲಗೆ, ಅಲ್ಲಾಡದ ನಾಲ್ಕು ಕಾಲು. ಅದಕ್ಕೆ ಹೊಡೆದ ಮೊಳೆಗಳನ್ನು ನೋಡಿದರೆ ಆನೆ ಕೂರಿಸಲು ಮಾಡಿದ ಹಾಗಿತ್ತು.

ಬಾಗಿಲ ಪಕ್ಕದ ಬಟ್ಟೆಗೋಡೆಯಲ್ಲಿ, ಕೂತರೆ ಕಣ್ಣಿಗೆ ಸರಿಯಾಗುವ ಹಾಗೆ, ಆಕೆ ಕೋಟಿನ ಗುಂಡಿಯಷ್ಟು ಅಗಲದ ಒಂದು ತೂತು ಕತ್ತರಿಸಿಕೊಂಡಿದ್ದಳು. ಅದರಲ್ಲಿ ಮುಂದಿನ ಮೂರು ಸಾಲು ಕಾಣುತ್ತಿತ್ತು. ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಾಗಲೇ ಕೊಳ್ಳುವವನೋ ಬರೀ ಮುಟ್ಟಿ ನೋಡುವವನೋ ಎಂದು ಹಳೇ ವ್ಯಾಪಾರಿಗೆ ತಿಳಿಯುತ್ತದಲ್ಲ, ಹಾಗೆ ಆಕೆಗೆ ಆ ಮೂರು ಸಾಲಿನ ಭುಜ ನೋಡಿದರೆ ನಗು ಎಷ್ಟು ಬರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತಿಳಿಯುತ್ತಿತ್ತು. ನಗು ಮುಕ್ಕಾಲು ಪಾಲು ಇಳಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಪೂರ್ತಿ ಇಳಿಯಲೂ ಬಿಡುತ್ತಿರಲಿಲ್ಲ.

ಅತಿ ದೊಡ್ಡ ನಗು ಸಕ್ಕರೆ ಡಬ್ಬದ್ದು. ಅಳಿಯನ ಪಾತ್ರದ ಉದ್ದಣ್ಣ, ಕಂಪನಿಯಲ್ಲಿ ಎಲ್ಲರಿಗಿಂತ ಎತ್ತರದ ಆಳು, ತುದಿಗಾಲಲ್ಲಿ ಬಂದು ಸದ್ದಾಗದಂತೆ ಡಬ್ಬದ ಮುಚ್ಚಳ ತೆಗೆಯುತ್ತಾನೆ. ಒಳಗಿನಿಂದ: "ಎರಡು ಚಮಚ ಸಾಕು." ಜನ ನಗುತ್ತಾರೆ. ಉದ್ದಣ್ಣ ಎರಡು ಚಮಚ ಹಾಕಿಕೊಂಡು ಬಾಗಿಲಿಗೆ ಕಿವಿಗೊಡುತ್ತಾನೆ. ಸದ್ದಿಲ್ಲ. ಮುದುಕಿ ಮಲಗಿತು ಎಂದು ಮೂರನೇ ಚಮಚ ಎತ್ತುತ್ತಾನೆ. ಸದ್ದಿಲ್ಲ. ಜನರೂ ಉಸಿರು ಹಿಡಿದಿರುತ್ತಾರೆ. ಚಮಚ ಲೋಟದ ಅಂಚಿಗೆ ಮುಟ್ಟುವಾಗ, ಒಳಗಿನಿಂದ, ನಿದ್ದೆಗಣ್ಣಿನ ಧ್ವನಿ: "ಮೂರಾಯ್ತು."

ಹತ್ತೊಂಬತ್ತು ವರ್ಷ, ಪ್ರತಿ ಆಟದಲ್ಲೂ ಸಭೆ ಬಿದ್ದು ಬಿದ್ದು ನಕ್ಕಿತು. ಹತ್ತೊಂಬತ್ತು ವರ್ಷ, ಪ್ರತಿ ಆಟದ ಕೊನೆಗೆ ಎಂಟು ಜನ ನಟರು ಸಾಲಾಗಿ ನಿಂತು ಕೈಮುಗಿದರು, ಒಂಬತ್ತನೆಯವಳು ಸ್ಟೂಲಿನ ಮೇಲೆ ಕೂತಿದ್ದಳು. ಕಾಣದ ಪಾತ್ರದವರು ಕೊನೆಯಲ್ಲೂ ಕಾಣಬಾರದು ಎಂಬುದು ಕಂಪನಿಯ ಹಳೇ ಕಟ್ಟಳೆ. "ನೀನು ಹೊರಗೆ ಬಂದ್ರೆ ಆ ಅತ್ತೆ ಸತ್ತೋಗ್ತಾಳಮ್ಮ," ಎಂದಿದ್ದರು ಯಜಮಾನರು. ಆಕೆ ಒಪ್ಪಿದ್ದಳು. ಹೊರಗೆ ಚಪ್ಪಾಳೆ ಬೀಳುವಾಗ ತೂತಿಗೆ ಕಣ್ಣಿಟ್ಟು, ಯಾವುದು ತನ್ನ ಪಾಲಿನದು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದಳು.

ಯಜಮಾನರು ಹಾಸಿಗೆ ಹಿಡಿದ ಮೇಲೆ ಕಂಪನಿಯ ಚಾವಿ ಅವರ ಅಳಿಯನ ಕೈಗೆ ಬಂತು. ನಾಟಕದ ಅಳಿಯನ ಜೊತೆಗೆ ನಿಜವಾದ ಅಳಿಯನೊಬ್ಬ ಸೇರಿದ್ದರಿಂದ, ಇವನನ್ನು ಎಲ್ಲರೂ ಚಾವಿ ಎಂದೇ ಕರೆದರು, ಬೆನ್ನ ಹಿಂದೆ. ಮಾತಿಗೆ ಮುಂಚೆ ಅಮ್ಮಾ, ಮಾತಿನ ಕೊನೆಗೆ ಅಮ್ಮಾ, ಗೌರವಕ್ಕೇನೂ ಕೊರತೆಯಿಲ್ಲ. ಒಂದು ದಿನ ಬಂದು, "ಅಮ್ಮಾ, ನಿಮ್ಮ ಧ್ವನಿ ನೆನಪಿಗೆ ಇರ್ಬೇಕು, ರೆಕಾರ್ಡ್ ಮಾಡಿ ಇಟ್ಕೊಳ್ಳೋಣ," ಎಂದ. ಆಕೆಗೆ ಹಿಗ್ಗೋ ಹಿಗ್ಗು. ಯಾರೂ ನೋಡದ ಮುಖಕ್ಕೆ ಪೌಡರು ಬಳಿದುಕೊಂಡು, ಒಳ್ಳೇ ಸೀರೆ ಉಟ್ಟು ಹೋದಳು. ಧ್ವನಿ-ದೀಪ ನೋಡಿಕೊಳ್ಳುವ ತಂತಿ ಎಂಬವನು ಬಾಗಿಲು ಕಿಟಕಿಗೆಲ್ಲ ದಪ್ಪ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂರಿಸಿ, ಗುಂಡಿ ಒತ್ತಿದ. ಇಡೀ ನಾಟಕದ ನಲವತ್ತು ಮಾತನ್ನೂ ಹೇಳಿದಳು. ಎದುರಿಗೆ ಒಂದು ನರಪಿಳ್ಳೆಯಿಲ್ಲ. ಆದರೂ ಕಣ್ಣು ಮುಚ್ಚಿ, ತುಂಬಿದ ಸಭೆ ನೆನೆದು, ಎಲ್ಲೆಲ್ಲಿ ಜನ ಎಷ್ಟೆಷ್ಟು ನಗುತ್ತಾರೋ ಅಲ್ಲಲ್ಲಿ ಅಷ್ಟಷ್ಟೇ ತಡೆದು, ಒಂದು ಉಸಿರೂ ಹೆಚ್ಚುಕಮ್ಮಿಯಾಗದಂತೆ ಹೇಳಿ ಮುಗಿಸಿದಳು. ಹೊರಗೆ ಬಂದಾಗ ರವಿಕೆ ಬೆವರಿಗೆ ತೊಯ್ದಿತ್ತು.

ಎಂಟು ದಿನಕ್ಕೆ ಚಾವಿ ಮನೆಗೇ ಬಂದ. ಕುರ್ಚಿಯ ತುದಿಯಲ್ಲಿ ಕೂತು, "ಅಮ್ಮಾ, ಇನ್ಮೇಲೆ ನೀವು ಆರಾಮಾಗಿರಿ. ಆ ಮೊಣಕಾಲು ಇಟ್ಕೊಂಡು ವ್ಯಾನ್ ಹತ್ತೋದು, ಇಳಿಯೋದು, ನಮಗೇ ನೋಡೋಕಾಗಲ್ಲ. ನಿಮ್ಮ ಧ್ವನಿ ಹೇಗೂ ಇದೆಯಲ್ಲ. ಭಾನುವಾರದ ಆಟಕ್ಕೆ ಮೂರನೇ ಸಾಲಲ್ಲಿ ನಿಮಗೆ ಸೀಟು ಇಟ್ಟಿದೀನಿ," ಎಂದ.

ಒಳಗಿನಮ್ಮನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೇಳಿದಳು, "ಅಂದ್ರೆ, ನನ್ನ ಬಾಯಿ ಕಿತ್ಕೊಂಡು ನನ್ನನ್ನ ಮನೇಲಿ ಕೂರಿಸ್ತೀರಿ?"

"ಛೆ ಛೆ, ಎಂಥ ಮಾತು! ನಿಮ್ಮ ಒಳ್ಳೇದಕ್ಕೇ ಅಮ್ಮಾ."

ಅವನು ಹೋದ ಮೇಲೆ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಅಡುಗೆಮನೆಯಿಂದ ಇಣುಕಿದಳು. "ಬೈದು ಕಳಿಸೋದಲ್ವಾ?"

"ಬೈಯೋಕೆ ಜಾಗ ಎಲ್ಲಿ ಬಿಟ್ಟ? ಮೈತುಂಬ ಒಳ್ಳೇತನ ಸವರ್ಕೊಂಡು ಬಂದಿದ್ದ. ಎಲ್ಲಿ ಹಿಡಿದ್ರೂ ಜಾರ್ತಾನೆ."

"ಹೋಗ್ಬೇಡ ಬಿಡು ಭಾನುವಾರ."

"ಹೋಗ್ತೀನಿ. ನನ್ನ ಧ್ವನಿ ನಾನಿಲ್ದೆ ಏನು ಮಾಡುತ್ತೆ, ನೋಡ್ಬೇಕು."

ಭಾನುವಾರ ಮೂರು ಗಂಟೆಗೆ ಮೂರನೇ ಸಾಲಿನಲ್ಲಿ ಕೂತಳು. ಹತ್ತೊಂಬತ್ತು ವರ್ಷ ತೂತಿನಲ್ಲಿ ನೋಡಿದ ಸೀಟು. ಕೂತ ಮೇಲೆ ತಿಳಿಯಿತು, ಸ್ಪ್ರಿಂಗು ಚುಚ್ಚುತ್ತದೆ. ಪಕ್ಕದಲ್ಲಿ ಒಬ್ಬ ದಪ್ಪನೆಯ ಹೆಂಗಸು, ಮಡಿಲಲ್ಲಿ ಪೆಪ್ಪರ್‌ಮಿಂಟಿನ ಪೊಟ್ಟಣ. "ತಗೊಳ್ಳಿ," ಎಂದು ಒಂದು ಕೊಟ್ಟಳು. "ನಾನು ಇದು ನಾಲ್ಕನೇ ಸಲ ನೋಡ್ತಿರೋದು. ಆ ಒಳಗಿನ ಮುದುಕಿ ಇದಾಳಲ್ಲ, ಅವಳಿಗೋಸ್ಕರವೇ ಬರೋದು ನಾನು. ಇವತ್ತು ಗಂಟಲು ಕಟ್ಟಿದ್ರೆ ಅಂತ ಭಯ ನಂಗೆ."

"ಕಟ್ಟಲ್ಲ ಬಿಡಿ," ಎಂದಳು ಒಳಗಿನಮ್ಮ. "ಇವತ್ತು ಅದಕ್ಕೆ ಗಂಟಲೇ ಇಲ್ಲ."

ಪರದೆ ಎದ್ದಿತು. ಬಾಗಿಲಾಚೆಯಿಂದ ಆಕೆಯ ಧ್ವನಿಯೇ ಬಂತು, ಚೆನ್ನಾಗಿಯೇ ಬಂತು. ಜನ ನಕ್ಕರು. ನಗುವ ನಡುವೆಯೇ ಎರಡನೇ ಮಾತು ಬಂದು ಬಿತ್ತು. ಯಾರಿಗೂ ಕೇಳಲಿಲ್ಲ. ಉದ್ದಣ್ಣ ತನ್ನ ಮಾತು ಮುಗಿಸುವ ಮೊದಲೇ ಮೂರನೆಯದು. ಒಳಗಿನಮ್ಮ ನೆಟ್ಟಗೆ ಕೂತಳು. ತಾನು ತಡೆದಿದ್ದ ಜಾಗಗಳೆಲ್ಲ ಎಲ್ಲಿ ಹೋದವು? ಆ ಕೋಣೆಯಲ್ಲಿ ಬೆವರು ಸುರಿಸಿ ಬಿಟ್ಟಿದ್ದ ಮೌನಗಳಲ್ಲಿ ಒಂದೂ ಇಲ್ಲ.

ಸಕ್ಕರೆ ಡಬ್ಬ ಬಂತು. "ಎರಡು ಚಮಚ ಸಾಕು." ನಗು ಏರುತ್ತಿತ್ತು, ಉದ್ದಣ್ಣನ ಚಮಚ ಇನ್ನೂ ಡಬ್ಬದೊಳಗೇ ಇತ್ತು, ಅಷ್ಟರಲ್ಲಿ "ಮೂರಾಯ್ತು" ಬಂದು ಹೋಯಿತು. ಉದ್ದಣ್ಣ ಚಮಚವನ್ನೂ ಬಾಗಿಲನ್ನೂ ನೋಡಿ, ಮಾಡುವುದೇನೆಂದು ತಿಳಿಯದೆ ಬರೀ ಲೋಟವನ್ನೇ ಕುಡಿದ.

ಆಮೇಲೆ ಆದದ್ದು ನಟರಿಗೆ ಮಾತ್ರ ಕಾಣುವಂಥದ್ದು. ಜನ ನಗುವುದನ್ನು ಬಿಟ್ಟರು. ಬೇಸರಕ್ಕಲ್ಲ, ಜಾಣತನಕ್ಕೆ. ನಕ್ಕರೆ ಮುಂದಿನ ಮಾತು ತಪ್ಪುತ್ತದೆ ಎಂದು ಕಾಲು ಗಂಟೆಯಲ್ಲಿ ಕಲಿತುಕೊಂಡರು. ನಗು ಬಂದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಪಾಠ ಕೇಳುವ ಮಕ್ಕಳ ಹಾಗೆ ಕೂತರು. ಪಕ್ಕದ ಹೆಂಗಸು ಎರಡನೇ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು, "ಏನೋ ಮುದುಕಿಗೆ ಇವತ್ತು ಬಸ್ಸಿಗೆ ಹೊತ್ತಾದ ಹಾಗಿದೆ," ಎಂದಳು. ಒಳಗಿನಮ್ಮನ ಕೈ ಕುರ್ಚಿಯ ಹಿಡಿಯನ್ನು ಹಿಂಡುತ್ತಿತ್ತು. ಹತ್ತೊಂಬತ್ತು ವರ್ಷ ತಾನು ಸಾಕಿದ ಜನರಿಗೆ ಯಾರೋ ತನ್ನದೇ ಬಾಯಿಂದ ಸುಮ್ಮನಿರಲು ಕಲಿಸುತ್ತಿದ್ದರು.

ಮಧ್ಯಂತರಕ್ಕೆ ಬೆಲ್ ಆದದ್ದೇ ಚಾವಿ ಸಾಲಿನ ತುದಿಯಲ್ಲಿ ಬಂದು ಬಗ್ಗಿದ. "ಅಮ್ಮಾ, ಒಂದು ನಿಮಿಷ ಒಳಗೆ ಬರ್ತೀರಾ?"

ಹೋದಳು. ಬಾಗಿಲ ಹಿಂದೆ ಆಕೆಯ ಸ್ಟೂಲು. ಸ್ಟೂಲಿನ ಮೇಲೆ ಆಕೆಯ ಮೆತ್ತೆ. ಮೆತ್ತೆಯ ಮೇಲೆ ಒಂದು ಕಪ್ಪು ಸ್ಪೀಕರು, ಅಲ್ಲಾಡಬಾರದೆಂದು ಸುತ್ತಲೂ ಆಕೆಯದೇ ಹಳೇ ಶಾಲು ಸುತ್ತಿ ಕೂರಿಸಿದ್ದರು. ಕಾಲು ಚಾಚುವ ಹಲಗೆಯ ಮೇಲೆ ತಂತಿಯ ಟೀ ಲೋಟ. ತೂತಿಗೆ ಟೇಪು ಅಂಟಿಸಿದ್ದರು.

"ನಾನು ಬಿಟ್ಟಿದ್ದ ಜಾಗ ಎಲ್ಲಿ?" ಎಂದಳು. ಧ್ವನಿ ಎಷ್ಟು ಇಳಿದಿತ್ತೆಂದರೆ ತಂತಿ ಹತ್ತಿರ ಬರಬೇಕಾಯಿತು. ಬಂದದ್ದೇ ತಪ್ಪಾಯಿತು.

"ಯಾವ ಜಾಗಮ್ಮ? ಓ, ಅದಾ! ಮಧ್ಯೆ ಮಧ್ಯೆ ತುಂಬ ಖಾಲಿ ಇತ್ತು. ಪುಸ್ತಕ ಎದುರಿಗಿಟ್ಕೊಂಡು, ಉದ್ದಣ್ಣನ ಮಾತಿಗೆ ಎಷ್ಟು ಬೇಕೋ ಅಷ್ಟು ಬಿಟ್ಟು, ಮಿಕ್ಕಿದ್ದೆಲ್ಲ ಕತ್ತರಿಸಿದೆ. ಮೂರು ರಾತ್ರಿ ಕೂತು ಮಾಡಿದೀನಿ. ಗುಂಡಿ ಒಂದ್ಸಲ ಒತ್ತಿದ್ರೆ ಸಾಕು, ತಾನಾಗೇ ಓಡುತ್ತೆ," ಎಂದು ಅವನು ಹೆಮ್ಮೆಯಿಂದ ಹೇಳಿದ. "ಒಟ್ಟು ಹದಿನೆಂಟು ನಿಮಿಷ ಖಾಲಿ ಜಾಗ ತೆಗೆದೆ."

"ಆ ಹದಿನೆಂಟು ನಿಮಿಷವೇ ಕಣೋ ನಾನು."

ಬಾಚಣಿಗೆ ಹಿಡಿದಿದ್ದವನು ಆಗಲೇ ಜಾಗ ಖಾಲಿ ಮಾಡಿದ್ದ.

"ಮಾತು ಯಾರು ಬೇಕಾದ್ರೂ ಆಡ್ತಾರೆ. ನಿಮ್ಮಜ್ಜಿನೂ ಆಡ್ತಾಳೆ. ಸುಮ್ನಿರೋದಿದೆಯಲ್ಲ, ಅದಕ್ಕೆ ಹತ್ತೊಂಬತ್ತು ವರ್ಷ ಬೇಕಾಯ್ತು ನಂಗೆ. ಹೊಟ್ಟು ಅಂತ ತೂರಿಬಿಟ್ಟೆ. ಹೊಟ್ಟು ಇಟ್ಕೊಂಡು ಕಾಳು ತೂರಿದೀಯ." ಆಮೇಲೆ ಉದ್ದಣ್ಣನತ್ತ ತಿರುಗಿದಳು. "ನೀನು? ನಿಂಗೆ ಗೊತ್ತಿತ್ತಲ್ಲ. ಬಾಯಲ್ಲಿ ಏನಿಟ್ಕೊಂಡಿದ್ದೆ?"

ಆರಡಿಯ ಉದ್ದಣ್ಣ ನಾಲ್ಕಡಿಯಾದ. "ಬಾಯಿ ಬಿಟ್ರೆ ನನ್ನನ್ನೂ ರೆಕಾರ್ಡ್ ಮಾಡ್ಬಿಡ್ತಾರೇನೋ ಅಂತ ಹೆದರಿಕೆ ಆಯ್ತಕ್ಕ."

"ನಿನ್ನ ರೆಕಾರ್ಡ್ ಮಾಡೋಕೆ ಅವರಿಗೇನು ಹುಚ್ಚೇ? ಪೆಟ್ಟಿಗೆ ಸಾಲಲ್ಲ, ಏಣಿ ಬೇಕು."

ಚಾವಿ ಕೈಜೋಡಿಸಿದ. "ಅಮ್ಮಾ, ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಈಗ ಎರಡನೇ ಭಾಗ ಒಂದು ಕೂತು ಕೊಡಿ. ಜನ ಎದ್ದು ಹೋಗ್ತಿದಾರೆ."

"ಕೂರ್ತೀನಿ. ಕೊನೇಲಿ ಅವರೆಂಟು ಜನದ ಜೊತೆ ನಾನೂ ಹೊರಗೆ ಬರ್ತೀನಿ."

"ಅದು ಹೇಗಮ್ಮಾ? ಮಾವನೋರ ಕಟ್ಟಳೆ. ಆ ಅತ್ತೆ ಸತ್ತೋಗ್ತಾಳಲ್ಲ."

"ಅವಳನ್ನ ನೀವು ಆಗಲೇ ಸಾಯಿಸಿದೀರ. ನಾನು ಬರೋದು ಹೆಣ ಗುರುತಿಸೋಕೆ."

ಚಾವಿ ತಲೆ ಆಡಿಸಿದ. ಹೌದೋ ಅಲ್ಲವೋ ತಿಳಿಯದ ಹಾಗೆ. ಆಕೆ ಸ್ಪೀಕರನ್ನು ಎತ್ತಿ ತಂತಿಯ ತೋಳಿಗೆ ಕೊಟ್ಟು, ಮೆತ್ತೆ ಕೊಡವಿ ಕೂತು, ಉಗುರಿನಿಂದ ಟೇಪು ಕಿತ್ತಳು. "ಉದ್ದಣ್ಣ, ಹೋಗಿದ್ದೇ ಸಕ್ಕರೆ ಡಬ್ಬ ತೆಗಿ."

"ಅದು ಮೊದಲನೇ ಭಾಗದಲ್ಲೇ ಆಗೋಯ್ತಲ್ಲಕ್ಕ."

"ಆಗಿಲ್ಲ. ಯಾರಿಗೆ ಕೇಳಿಸ್ತು? ತೆಗಿ."

ಪರದೆ ಎದ್ದಿತು. ಉದ್ದಣ್ಣ ತುದಿಗಾಲಲ್ಲಿ ಬಂದು ಮುಚ್ಚಳ ತೆಗೆದ. ತೂತಿನಲ್ಲಿ ಮೂರು ಸಾಲು ಬಾಯಿಗೆ ಕೈ ಅಡ್ಡ ಹಿಡಿದು ಕೂತಿತ್ತು. "ಎರಡು ಚಮಚ ಸಾಕು," ಎಂದಳು. ಅಲ್ಲೊಂದು ಇಲ್ಲೊಂದು ನಗು ಹೊರಟು, ಮುಂದಿನ ಮಾತಿಗೆ ಹೆದರಿ ಹಾಗೇ ನಿಂತಿತು. ಮುಂದಿನ ಮಾತು ಬರಲಿಲ್ಲ. ಉದ್ದಣ್ಣ ಎರಡು ಚಮಚ ಹಾಕಿದ. ಬರಲಿಲ್ಲ. ಹೆದರಿ ನಿಂತಿದ್ದ ನಗು ಮೆಲ್ಲಗೆ ತಲೆಯೆತ್ತಿತು. ಮೂರನೆಯದು ಎತ್ತಿದ. ಪಕ್ಕದಲ್ಲಿ ನಿಂತ ಚಾವಿ ಹೇಳಿ ಹೇಳಿ ಎಂದು ಕೈಸನ್ನೆ ಮಾಡುತ್ತಿದ್ದ. ಒಳಗಿನಮ್ಮ ತಿರುಗದೆಯೇ ಅಂಗೈ ಎತ್ತಿ ಅವನನ್ನು ಗೋಡೆಗೆ ಒತ್ತಿದ ಹಾಗೆ ನಿಲ್ಲಿಸಿದಳು. ಸಿಟ್ಟೆಲ್ಲವನ್ನೂ ಬಾಯೊಳಗೆ ತುಂಬಿಕೊಂಡು ತುಟಿ ಮುಚ್ಚಿ ಕೂತಿದ್ದಳು. ಇಷ್ಟು ಹೊತ್ತು ಆಕೆ ಎಂದೂ ತಡೆದಿರಲಿಲ್ಲ. ಉದ್ದಣ್ಣನ ಹಣೆಯಿಂದ ಬೆವರು ಲೋಟಕ್ಕೆ ಬಿತ್ತು. ಮೂರು ಸಾಲಿನ ಕೈಗಳು ಒಂದೊಂದಾಗಿ ಬಾಯಿಂದ ಕೆಳಗಿಳಿದವು. ಕೊನೆಯ ಕೈ ಇಳಿದದ್ದನ್ನು ನೋಡಿಕೊಂಡು, ಆರಾಮಾಗಿ, ಮಗ್ಗುಲು ಬದಲಿಸಿದವಳ ಹಾಗೆ ಹೇಳಿದಳು:

"ಮೂರಾಯ್ತು."

ತಗಡಿನ ಮಾಡು ಹಾರಿಹೋಗುವುದೊಂದು ಬಾಕಿ. ಅಲ್ಲಿಂದ ಮುಂದೆ ಆಟ ಸರಾಗವಾಗಿ ಹೋಯಿತು. ಅತ್ತೆ ಅಳಿಯನಿಗೆ ಬೈಯುವ ಮಾತೆಲ್ಲ ಅವತ್ತು ತುಸು ಓರೆಯಾಗಿ, ಪಕ್ಕದಲ್ಲಿ ನಿಂತವನ ಕಿವಿಗೆ ತಾಗಿಕೊಂಡೇ ಸಭೆಗೆ ಹೋಗುತ್ತಿದ್ದವು.

ಆಟ ಮುಗಿದು ಎಂಟು ಜನ ಸಾಲಾಗಿ ನಿಂತರು. ಒಳಗಿನಮ್ಮ ಕಾಲು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಬಟ್ಟೆಗೋಡೆ ಸುತ್ತಿ ಬರುವಷ್ಟರಲ್ಲಿ ಪರದೆ ದಬಕ್ಕನೆ ಬಿತ್ತು. ಹಗ್ಗದ ಹತ್ತಿರ ಕಂಪನಿಗೆ ಎಲ್ಲರಿಗಿಂತ ಹಳಬನಾದ ಹಗ್ಗದ ತಾತ ಬೀಡಿ ಹುಡುಕುತ್ತಿದ್ದ.

"ಎತ್ತು."

"ಎಂಟು ತಲೆ ಆಯ್ತು, ಬಿಟ್ಟೆ ಕಣಮ್ಮ. ಯಾವತ್ತೂ ಎಂಟಕ್ಕೇ ಬಿಡೋದು."

"ಎತ್ತು ತಾತ," ಎಂದಳು. ಆ ಧ್ವನಿ ಕೇಳಿ ತಾತ ಬೀಡಿ ಎಸೆದು ಹಗ್ಗಕ್ಕೆ ಜೋತುಬಿದ್ದ.

ಸಭೆಯಲ್ಲಿ ದೀಪ ಹತ್ತಿತ್ತು. ಅರ್ಧ ಜನ ಬೆನ್ನು ಹಾಕಿ ಬಾಗಿಲ ಕಡೆ ಹೊರಟಿದ್ದರು. ಪರದೆ ಎದ್ದ ಸದ್ದಿಗೆ ಕೆಲವರು ತಿರುಗಿ, ನಡುರಂಗದಲ್ಲಿ ನಿಂತ ಕುಂಟು ಮುದುಕಿಯನ್ನು ನೋಡಿ, ಗುಡಿಸಲು ಬಂದಿರಬೇಕು ಎಂದುಕೊಂಡರು. ಒಂದು ಚಪ್ಪಾಳೆಯಿಲ್ಲ. ಪಕ್ಕದ ಸೀಟಿನ ಹೆಂಗಸು ಮಾತ್ರ ಗಟ್ಟಿಯಾಗಿ ಹೇಳಿದಳು, "ಅಯ್ಯೋ, ಇವರು ನಮ್ಮ ಪಕ್ಕ ಕೂತಿದ್ದೋರು! ದಾರಿ ತಪ್ಪಿ ಅಲ್ಲಿಗೆ ಹೋಗ್ಬಿಟ್ಟಿದಾರೆ, ಯಾರಾದ್ರೂ ಕೈ ಹಿಡಿದು ಇಳಿಸ್ರಪ್ಪ." ಹೇಳುತ್ತಲೇ ಪೊಟ್ಟಣ ಬಿಚ್ಚಿ ಇನ್ನೊಂದು ಪೆಪ್ಪರ್‌ಮಿಂಟು ತೆಗೆದಳು.

ಒಳಗಿನಮ್ಮ ತಡೆದಳು. ಅದು ತುಟಿಯ ಹತ್ತಿರ ಹೋಗುವ ತನಕ ತಡೆದಳು.

"ಮೂರಾಯ್ತು."

ಪೆಪ್ಪರ್‌ಮಿಂಟು ಕೆಳಗೆ ಬಿತ್ತು. ಬಾಗಿಲಲ್ಲಿದ್ದವರು ನಿಂತಲ್ಲೇ ತಿರುಗಿದರು. ಆಮೇಲೆ ಬಂದ ಚಪ್ಪಾಳೆ ಯಾರ ಪಾಲಿನದು ಎಂದು ಲೆಕ್ಕ ಹಾಕುವ ಕೆಲಸವಿರಲಿಲ್ಲ. ಆಕೆ ಕೈಮುಗಿಯಲಿಲ್ಲ, ನಗಲೂ ಇಲ್ಲ. ಮೂರು ಸಾಲಿನಾಚೆಗೆ ಇನ್ನೂ ಹದಿನಾಲ್ಕು ಸಾಲು ಇದ್ದವೆಂದು ಗೊತ್ತಿತ್ತು, ಹತ್ತೊಂಬತ್ತು ವರ್ಷದಿಂದ ರಂಗದ ಮೇಲಿಂದ ಕಂಡಿರಲಿಲ್ಲ. ಒಂದೊಂದನ್ನೂ ನೋಡಿ ಮುಗಿಸಿದ ಮೇಲೆಯೇ ತಾತನಿಗೆ ತಲೆ ಆಡಿಸಿದಳು.

ಒಳಗೆ ಚಾವಿಯ ಮುಖ ಅರಳಿತ್ತು. "ಅಮ್ಮಾ, ಅದ್ಭುತ! ತಂತಿಗೆ ಹೇಳಿ ಇವತ್ತಿನ ನಗು, ಚಪ್ಪಾಳೆ ಎಲ್ಲ ರೆಕಾರ್ಡ್ ಮಾಡಿಸ್ದೆ. ಜನ ಕಮ್ಮಿ ಇರೋ ದಿನ ಹಾಕ್ಬಹುದು."

ಒಳಗಿನಮ್ಮ ಅವನನ್ನು ನೋಡಿದಳು. ಬಾಯಿಯವರೆಗೆ ಬಂದದ್ದನ್ನು ತಡೆದಳು. ಅವನು ಕಾದ. ಅವನ ನಗು ಮುಕ್ಕಾಲು ಪಾಲು ಇಳಿಯಿತು, ಪೂರ್ತಿ ಇಳಿಯಿತು. ಆದರೂ ಮಾತು ಬರಲಿಲ್ಲ. ಆಕೆ ಮೆತ್ತೆಯನ್ನು ಕಂಕುಳಿಗೆ ಸೇರಿಸಿ, ಸ್ಟೂಲನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡಳು.

"ಅಮ್ಮಾ, ಅದು ಕಂಪನಿ ಸ್ಟೂಲು..."

"ನನ್ನ ಗಂಡ ಹೊಡೆದ ಮೊಳೆ," ಎಂದಳು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ. "ಮುಂದಿನ ಭಾನುವಾರ ಎರಡೂವರೆಗೆ ಇದೂ ನಾನೂ ಒಟ್ಟಿಗೆ ಬರ್ತೀವಿ. ಕೊನೇಲಿ ಒಂಬತ್ತು ತಲೆ ಆಗೋ ತನಕ ಪರದೆ ಬೀಳಲ್ಲ. ಆ ಪೆಟ್ಟಿಗೇನ ನಿಮ್ಮ ತೊಡೆ ಮೇಲೆ ಕೂರಿಸ್ಕೊಳ್ಳಿ."

ಹತ್ತೊಂಬತ್ತು ವರ್ಷ ಹಿಂಬಾಗಿಲಿನಿಂದ ಹೋಗುತ್ತಿದ್ದವಳು ಅವತ್ತು ಮುಂಬಾಗಿಲಿಗೆ ನಡೆದಳು. ಮೆಟ್ಟಿಲ ಮೇಲೆ ಇನ್ನೂ ನಿಂತಿದ್ದ ಜನ ಸ್ಟೂಲಿನ ನಾಲ್ಕು ಕಾಲಿಗೆ ಹೆದರಿ ದಾರಿ ಬಿಟ್ಟರು.